ನಾಲ್ವರು ಡಾಕ್ಟರು, 14 ಮಾತ್ರೆ: ಯಾರ ಮಾತು ಕೇಳೋದು?

ಪ್ರಶ್ನೆ: ನಮ್ಮದು ಅಂಕೋಲಾ ಹತ್ತಿರದ ಹಳ್ಳಿ. ಅಪ್ಪನಿಗೆ 69 ವರ್ಷ. ಶುಗರ್, ಬಿಪಿ ಹಳೆಯವು. ಆರು ತಿಂಗಳ ಹಿಂದೆ ಮಣಿಪಾಲದಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿದೆವು. ಕಿಡ್ನಿಗೆ ಹುಬ್ಬಳ್ಳಿಯಲ್ಲಿ ತೋರಿಸುತ್ತೇವೆ, ಕ್ರಿಯಾಟಿನಿನ್ (ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಅಂಶ) 1.9 ಇದೆ. ಮಂಡಿನೋವಿಗೆ ಕಾರವಾರ. ಜ್ವರ, ಬಿಪಿಗೆ ಊರಿನ ಡಾಕ್ಟರು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ದಿನಕ್ಕೆ 14 ಮಾತ್ರೆ. ಫೋಟೊ ಕಳಿಸಿದ್ದೇನೆ. ಯಾರ ಮಾತು ಕೇಳಬೇಕು?

ಉತ್ತರ: ಮೊದಲು ಫೋಟೊ ವಿಷಯ, ಅದಕ್ಕೆ ಕಾಯುವ ಹಾಗಿಲ್ಲ. ಮಣಿಪಾಲದ ಚೀಟಿಯಲ್ಲಿ ಟೆಲ್ಮಿಸಾರ್ಟನ್ ಅನ್ನುವ ಬಿಪಿ ಮದ್ದು ಇದೆ. ಊರಿನ ಡಾಕ್ಟರು ಕೊಟ್ಟ ಬಿಪಿ ಮಾತ್ರೆಯಲ್ಲೂ ಆಮ್ಲೋಡಿಪಿನ್ ಜೊತೆ ಅದೇ ಟೆಲ್ಮಿಸಾರ್ಟನ್ ಇದೆ. ಕಂಪನಿ ಹೆಸರು ಬೇರೆ, ಮದ್ದು ಒಂದೇ. ಅಂದರೆ ಅಪ್ಪ ಎರಡು ಪಾಲು ನುಂಗುತ್ತಿದ್ದಾರೆ. ಅದರ ಮೇಲೆ ಮಂಡಿನೋವಿಗೆ ಅಸೆಕ್ಲೋಫೆನಾಕ್. ಕಿಡ್ನಿ ಸೋತವರಿಗೆ ಈ ಜಾತಿಯ ನೋವಿನ ಮಾತ್ರೆ ಒಳ್ಳೆಯದಲ್ಲ. ಟೆಲ್ಮಿಸಾರ್ಟನ್ ಜೊತೆ ಸೇರಿದರೆ ಕ್ರಿಯಾಟಿನಿನ್, ಪೊಟ್ಯಾಶಿಯಂ ಎರಡೂ ಏರಬಹುದು. ಸ್ಟೆಂಟ್‌ಗೆ ಕೊಟ್ಟ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜೊತೆಗಾದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯವೂ ಇದೆ. ನೋವಿನ ಮಾತ್ರೆ ಇವತ್ತೇ ನಿಲ್ಲಿಸಿ. ಬಿಪಿ ಮಾತ್ರೆ ಯಾವುದು ಇರಬೇಕು, ಯಾವುದು ಬೇಡ ಅಂತ ನಾಳೆಯೊಳಗೆ ಊರಿನ ಡಾಕ್ಟರ ಹತ್ತಿರ ಕೇಳಿ. ಆದರೆ ಸ್ಟೆಂಟ್‌ನ ಎರಡು ಮಾತ್ರೆಗಳನ್ನು ಹೃದಯದ ಡಾಕ್ಟರು ಹೇಳದೆ ಯಾರೂ ಮುಟ್ಟಬಾರದು. ಹಲ್ಲು ಕೀಳಿಸೋಕೆ ಹೋದಾಗಲೂ ಅಷ್ಟೇ.

ಇಲ್ಲಿ ತಪ್ಪು ಒಬ್ಬರದಲ್ಲ. ತಮ್ಮ ಮುಂದಿದ್ದ ಕಾಯಿಲೆಗೆ ನಾಲ್ವರೂ ಸರಿಯಾಗಿಯೇ ಬರೆದಿದ್ದಾರೆ. ಪೂರ್ತಿ ಪಟ್ಟಿಯನ್ನು ಒಟ್ಟಿಗೆ ನೋಡಿದವರು ಇಲ್ಲ, ಅಷ್ಟೇ.

ಹಾಗಾದರೆ ಯಾರು ನೋಡಬೇಕು? ನನ್ನ ಉತ್ತರ ಕೆಲವರಿಗೆ ಹಿಡಿಸಲಿಕ್ಕಿಲ್ಲ: ಊರಿನ ಡಾಕ್ಟರು. ದೊಡ್ಡ ಆಸ್ಪತ್ರೆಯವರೇ ಯಜಮಾನರು ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ. ಸ್ಟೆಂಟ್ ವಿಷಯಕ್ಕೆ ಅದು ನಿಜ. ಆದರೆ ಅಪ್ಪನಿಗೆ ರಾತ್ರಿ ತಲೆ ತಿರುಗಿದರೆ ನೀವು ಓಡುವುದು ಎಲ್ಲಿಗೆ? 2024ರ ಜುಲೈನಲ್ಲಿ ನಿಮ್ಮ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದಾಗ ನಿಮಗೆ ಮಣಿಪಾಲದ ದಾರಿಯೇ ಕಟ್ಟಿತ್ತು. ಮಳೆಗಾಲದಲ್ಲಿ ಹುಬ್ಬಳ್ಳಿ ದಾರಿಯ ಅರಬೈಲ್ ಘಟ್ಟವನ್ನೂ ನೆಚ್ಚಿಕೊಂಡು ಕೂರುವ ಹಾಗಿಲ್ಲ. ಹತ್ತಿರ ಇರುವವರ ಕೈಯಲ್ಲೇ ಪೂರ್ತಿ ಲೆಕ್ಕ ಇರಬೇಕು. ‘ಅಪ್ಪನ ಎಲ್ಲಾ ಮದ್ದನ್ನೂ ನೀವೇ ನೋಡಿಕೊಳ್ತೀರಾ?’ ಅಂತ ಅವರನ್ನು ನೇರವಾಗಿ ಕೇಳಿ. ಒಪ್ಪಿದರೆ ಬೇರೆ ಕಡೆ ಹೊಸ ಮಾತ್ರೆ ಬರೆದಾಗೆಲ್ಲ ಮೊದಲು ಅವರಿಗೆ ತೋರಿಸಿ. ಒಪ್ಪದಿದ್ದರೆ ಒಪ್ಪುವವರನ್ನು ಹುಡುಕಿ.

ನಿಮ್ಮ ಕೆಲಸವೂ ಇದೆ. ಒಂದು ಹಾಳೆಯಲ್ಲಿ ಪ್ರತಿ ಮಾತ್ರೆಯ ಮದ್ದಿನ ಹೆಸರು (ಸ್ಟ್ರಿಪ್ ಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತದಲ್ಲ, ಅದು), ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಯಾಕೆ, ಯಾರು ಬರೆದದ್ದು ಅಂತ ಬರೆಯಿರಿ. ಕಷಾಯ, ಲೇಹ್ಯ, ನಾಟಿ ಮದ್ದು ಇದ್ದರೆ ಅದನ್ನೂ ಸೇರಿಸಿ. ಬೈತಾರೆ ಅಂತ ಮುಚ್ಚಿಡುವವರೇ ಜಾಸ್ತಿ. ಕಿಡ್ನಿ ವಿಷಯದಲ್ಲಿ ಆ ಸಂಕೋಚ ಬೇಡವೇ ಬೇಡ. ಇಬ್ಬರು ಡಾಕ್ಟರು ಬೇರೆ ಬೇರೆ ಹೇಳಿದರೆ ನೀವು ನಡುವೆ ನಿಂತು ಮಾತು ಮುಟ್ಟಿಸಬೇಡಿ, ಅರ್ಧ ಮಾತು ದಾರಿಯಲ್ಲೇ ಬಿದ್ದುಹೋಗುತ್ತದೆ. ಒಬ್ಬರ ಹತ್ತಿರ ಇನ್ನೊಬ್ಬರಿಗೆ ಎರಡು ಸಾಲಿನ ಚೀಟಿ ಬರೆಸಿ, ಇಲ್ಲವೇ ಫೋನ್ ಮಾಡಿಸಿ.

ಪ್ರತಿ ಸಲ ಹುಬ್ಬಳ್ಳಿಗೆ ಹೋಗಲೇಬೇಕಾ? ಬೇಡ. ರಕ್ತ ಪರೀಕ್ಷೆಯನ್ನು ಅಂಕೋಲಾದಲ್ಲೇ ಮಾಡಿಸಿ, ಕಿಡ್ನಿ ಡಾಕ್ಟರು ಒಪ್ಪಿದರೆ ರಿಪೋರ್ಟನ್ನು ವಿಡಿಯೊ ಕಾಲ್‌ನಲ್ಲಿ ತೋರಿಸಿ. ಟೆಲಿಮೆಡಿಸಿನ್‌ಗೆ 2020ರಿಂದ ಸರ್ಕಾರದ ನಿಯಮಗಳೇ ಇವೆ. ಜೂನ್ ಹಿಡಿಯುವ ಮೊದಲು ಒಂದು ಸಲ ಖುದ್ದಾಗಿ ತೋರಿಸಿ, ಮಳೆಗಾಲಕ್ಕೆ ಬೇಕಾದಷ್ಟು ಮಾತ್ರೆ ತಂದಿಟ್ಟುಕೊಳ್ಳಿ.

ಪ್ರಶ್ನೆ: ಅಮ್ಮನಿಗೆ ಆಭಾ ಕಾರ್ಡ್ ಮಾಡಿಸಿದ್ದೇವೆ. ಇನ್ನು ಫೈಲ್ ಹೊತ್ತು ತಿರುಗಬೇಕಾಗಿಲ್ಲ ಅಲ್ವಾ? (ಶಿರಸಿ)

ಉತ್ತರ: ಸದ್ಯಕ್ಕೆ ಹೊರಲೇಬೇಕು. ಆಭಾ ಅಂದರೆ ಸರ್ಕಾರದ ಡಿಜಿಟಲ್ ಆರೋಗ್ಯ ದಾಖಲೆ ವ್ಯವಸ್ಥೆಯ 14 ಅಂಕಿಯ ಒಂದು ಗುರುತಿನ ನಂಬರ್. ಆಸ್ಪತ್ರೆ ಅಥವಾ ಲ್ಯಾಬ್ ಆ ವ್ಯವಸ್ಥೆಗೆ ಸೇರಿ, ಅಮ್ಮನ ರಿಪೋರ್ಟನ್ನು ಆ ನಂಬರ್‌ಗೆ ಜೋಡಿಸಿದರೆ ಮಾತ್ರ ಅದು ಮೊಬೈಲ್‌ನಲ್ಲಿ ಕಾಣುತ್ತದೆ. ಬೇರೆ ಡಾಕ್ಟರು ನೋಡಬೇಕಾದರೆ ನಿಮ್ಮ ಒಪ್ಪಿಗೆಯೂ ಬೇಕು. ಹಳೆಯ ಕಾಗದಗಳು ತಾವಾಗಿ ಅಲ್ಲಿಗೆ ಹೋಗುವುದಿಲ್ಲ. ಡಿಸ್ಚಾರ್ಜ್ ಸಮ್ಮರಿ, ಕೊನೆಯ ಇಸಿಜಿ, ಕೊನೆಯ ರಕ್ತ ಪರೀಕ್ಷೆ ಫೈಲಿನ ಮೇಲ್ಗಡೆ ಇರಲಿ, ಉಳಿದದ್ದು ಕೆಳಗೆ. ಯಾವುದಾದರೂ ಕಳೆದಿದ್ದರೆ ಆಸ್ಪತ್ರೆಗೆ ಅರ್ಜಿ ಕೊಡಿ. ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ ದಾಖಲೆ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಆದರೆ ದಾಖಲೆಗಳನ್ನು ಮೂರು ವರ್ಷ ಇಟ್ಟುಕೊಂಡರೆ ಸಾಕು ಅಂತಲೂ ಅದೇ ನಿಯಮ ಹೇಳುತ್ತದೆ, ಹಾಗಾಗಿ ತಡ ಮಾಡಬೇಡಿ.