ಆಮುನ್ ಎಂಬ ಹೆಸರಿನ ಮೂಲ ಯಾವುದು? ‘ಆಮೆನ್’ಗೂ ಅದಕ್ಕೂ ನಂಟಿದೆಯೇ?

ಪ್ರಾಚೀನ ಈಜಿಪ್ಟಿನ ದೇವರು ಆಮುನ್‌ನ ಹೆಸರು ಹೇಗೆ ಹುಟ್ಟಿತು, ಕ್ರೈಸ್ತರು ಪ್ರಾರ್ಥನೆಯ ಕೊನೆಗೆ ಹೇಳುವ ‘ಆಮೆನ್’ ಅದರಿಂದಲೇ ಬಂದಿತೇ ಎಂದು ಕೇಳಿದ್ದೀರಿ. ಮೊದಲ ಪ್ರಶ್ನೆಗೆ ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಮ್ಮತವಿದೆ. ಎರಡನೆಯದಕ್ಕೆ ‘ಇಲ್ಲ, ಅದರಿಂದ ಬಂದಿಲ್ಲ’ ಎಂಬುದೇ ನನ್ನ ಉತ್ತರ.

ಈ ಹೆಸರನ್ನು ಸಾಮಾನ್ಯವಾಗಿ ಜೊಂಡಿನ ಎಲೆ, ಕಾಯಿಗಳನ್ನು ಜೋಡಿಸಿದ ಆಟದ ಮಣೆ, ನೀರಿನ ಅಲೆ ಎಂಬ ಮೂರು ಚಿಹ್ನೆಗಳಿಂದ ಬರೆಯುತ್ತಿದ್ದರು. ‘ಅಡಗಿಸು, ಮರೆಯಾಗಿರು’ ಎಂಬ ಅರ್ಥದ ಧಾತುವಿನಲ್ಲಿಯೂ ಇವೇ ವ್ಯಂಜನಗಳಿರುವುದರಿಂದ ಆಮುನ್ ಎಂದರೆ ‘ಮರೆಯಾಗಿರುವವನು’ ಎಂದು ಅರ್ಥೈಸುತ್ತಾರೆ. ಈಜಿಪ್ಟಿನ ಪುರೋಹಿತ ಮಾನೆಥೋ ಕೂಡ ಹೀಗೆಯೇ ಹೇಳಿದ್ದನೆಂದು ಗ್ರೀಕ್ ಲೇಖಕ ಪ್ಲೂಟಾರ್ಕ್ ದಾಖಲಿಸಿದ್ದಾನೆ. ಈಜಿಪ್ಟಿನವರು ಒಬ್ಬರನ್ನೊಬ್ಬರು ಕೂಗಿ ಕರೆಯಲು ಬಳಸುತ್ತಿದ್ದ ಪದವೇ ಇದು ಎಂಬ ಇನ್ನೊಬ್ಬ ಗ್ರೀಕ್ ಲೇಖಕ ಹೆಕಾಟಿಯಸನ ವಿವರಣೆಯನ್ನೂ ಅವನು ಅದೇ ಕಡೆ ಕೊಡುತ್ತಾನೆ. ಅದು ನನಗೆ ಕೇವಲ ಜನಪದ ನಿರುಕ್ತಿಯಾಗಿ ಕಾಣುತ್ತದೆ.

ಗೊಂದಲವೆಲ್ಲ ಸ್ವರಗಳದ್ದು. ಪ್ರತಿ ಅಕ್ಷರಕ್ಕೂ ಸ್ವರ ಸೇರಿಸಿಯೇ ಬರೆಯುವ ಕನ್ನಡಿಗರಿಗೆ ವಿಚಿತ್ರವೆನಿಸಬಹುದು, ಆದರೆ ಈಜಿಪ್ಟಿನ ಲಿಪಿಯಲ್ಲಿ ಸ್ವರಗಳನ್ನು ಬರೆಯುತ್ತಲೇ ಇರಲಿಲ್ಲ. ಹೀಗಾಗಿ ಉಚ್ಚಾರವನ್ನು ನೆರೆಯ ಭಾಷೆಗಳಿಂದಲೂ ಈಜಿಪ್ಟಿನ ಭಾಷೆಯದೇ ಮುಂದಿನ ರೂಪದಿಂದಲೂ ಊಹಿಸಬೇಕು: ಕ್ರಿ.ಪೂ. 14ನೆಯ ಶತಮಾನದ ಅಮರ್ನಾ ಪತ್ರಗಳ (ಈಜಿಪ್ಟಿನ ಅರಸರಿಗೂ ನೆರೆಯ ಅರಸರಿಗೂ ನಡುವಿನ ಪತ್ರವ್ಯವಹಾರ) ಬೆಣೆಲಿಪಿಯಲ್ಲಿ ‘ಅಮಾನು’ ಎಂದೂ, ದಕ್ಷಿಣದ (ಇಂದಿನ ಸುಡಾನಿನ) ಮೆರೋಯಿ ರಾಜ್ಯದಲ್ಲಿ ‘ಅಮಾನಿ’ ಎಂದೂ, ಗ್ರೀಕಿನಲ್ಲಿ ‘ಅಮ್ಮೋನ್’ ಎಂದೂ, ಈಜಿಪ್ಟಿನ ಭಾಷೆಯ ಕೊನೆಯ ಹಂತವಾದ ಕಾಪ್ಟಿಕ್‌ನಲ್ಲಿ ‘ಅಮೂನ್’ ಎಂದೂ ಇದೆ. ಮಕಾರ ನಕಾರಗಳ ಬಳಿಕ ಹಳೆಯ ‘ಆ’ಕಾರವು ‘ಊ’ಕಾರವಾಗುವುದು ಆ ಭಾಷೆಯ ಚರಿತ್ರೆಯಲ್ಲಿ ಕ್ರಮಬದ್ಧವಾದ ಬದಲಾವಣೆ. ಪುಸ್ತಕಗಳಲ್ಲಿ ಕಾಣುವ ‘ಆಮೆನ್’ ಎಂಬ ದೇವರ ಹೆಸರಿನ ‘ಎ’ಕಾರವಾದರೋ, ವ್ಯಂಜನಗಳ ನಡುವೆ ಓದುವ ಅನುಕೂಲಕ್ಕೆಂದು ಆಧುನಿಕ ವಿದ್ವಾಂಸರು ತುಂಬಿಸಿಕೊಂಡದ್ದು, ನಿಮ್ಮನ್ನು ದಾರಿ ತಪ್ಪಿಸಿದ ಹೋಲಿಕೆಯ ಬಹುಪಾಲು ಅಲ್ಲಿಂದಲೇ ಬಂದಿದೆ.

ಪ್ರಾರ್ಥನೆಯ ‘ಆಮೆನ್’ ಹೀಬ್ರೂ ಪದ. ದೃಢತೆ, ನಂಬಿಕೆ ಎಂಬ ಅರ್ಥಗಳ ಸೆಮಿಟಿಕ್ (ಹೀಬ್ರೂ, ಅರಬ್ಬಿಗಳ ಭಾಷಾಕುಟುಂಬದ) ಧಾತುವಿನಿಂದ ಬಂದದ್ದು. ಹೀಬ್ರೂ ಬರಹಗಾರರಿಗೆ ಈ ದೇವರ ಪರಿಚಯ ಇರಲಿಲ್ಲವೆಂದೂ ಅಲ್ಲ. ಬೈಬಲಿನ ಯೆರೆಮೀಯನ ಗ್ರಂಥದ 28:6ರಲ್ಲಿ ಪ್ರವಾದಿ ‘ಆಮೆನ್’ ಎನ್ನುತ್ತಾನೆ. ಅದೇ ಗ್ರಂಥದ 46:25ರಲ್ಲಿ ಈಜಿಪ್ಟಿನ ಥೀಬ್ಸ್ ನಗರದ ದೇವರನ್ನು ‘ಆಮೋನ್’ ಎಂದು ಬೇರೆಯಾಗಿ ಹೆಸರಿಸಿ, ಅವನಿಗೆ ದಂಡನೆ ಕಾದಿದೆ ಎಂದು ಸಾರಲಾಗಿದೆ.

ಆಮುನ್‌ನ ಹೆಸರು ಇಂದಿಗೂ ಉಳಿದಿರುವುದು ರಸಾಯನಶಾಸ್ತ್ರದಲ್ಲಿ. ಈಜಿಪ್ಟಿನ ಪಶ್ಚಿಮದ ಮರುಭೂಮಿಯಲ್ಲಿದ್ದ ಅವನ ದೇವಾಲಯದ ಸುತ್ತಲಿನ ಉಪ್ಪನ್ನು ರೋಮನರು ‘ಅಮ್ಮೋನನ ಉಪ್ಪು’ ಎಂದರು. ಮುಂದೆ ಆ ಹೆಸರು ನಮ್ಮ ಕಲಾಯಿಯವರು ಬಳಸುವ ನವಸಾಗರಕ್ಕೂ, ಅದರಿಂದ ದೊರೆಯುವ ಅಮೋನಿಯಾಕ್ಕೂ ಅಂಟಿಕೊಂಡಿತು.