ಅಮೆರಿಕದ ನೌಕಾಪಡೆಯ ‘ಪಾಲೋಸ್’ ಬರೀ ಟಗ್ ದೋಣಿ ಆಗಿತ್ತಲ್ವಾ? ಅದು ಯುದ್ಧಕ್ಕೆ ಹೋಗಿದ್ದು ಹೇಗೆ?

ಹೌದು, ಹುಟ್ಟಿದ್ದು ಟಗ್ ಆಗಿಯೇ. 1865ರಲ್ಲಿ ಬಾಸ್ಟನ್ ಬಳಿ ಕಟ್ಟಿದ ಕಬ್ಬಿಣದ ಉಗಿಹಡಗು ಇದು. ದೊಡ್ಡ ಹಡಗುಗಳನ್ನು ಎಳೆಯುವುದು, ದೂಡುವುದು ಇದರ ಕೆಲಸ. 1870ರಲ್ಲಿ ಫಿರಂಗಿ ಕೂರಿಸಿ, ಗನ್‌ಬೋಟ್ ಮಾಡಿ ಏಷ್ಯಾಕ್ಕೆ ಕಳಿಸಿದರು. ಅದೇ ಆಗಸ್ಟ್‌ನಲ್ಲಿ ಸೂಯೆಜ್ ಕಾಲುವೆ ದಾಟಿತು. ಕಾಲುವೆ ತೆರೆದು ಇನ್ನೂ ವರ್ಷವಾಗಿರಲಿಲ್ಲ. ಅಲ್ಲಿ ಹಾದುಹೋದ ಮೊದಲ ಅಮೆರಿಕನ್ ಯುದ್ಧನೌಕೆ ಈ ಪುಟ್ಟ ಹಡಗೇ!

ನಿಜವಾದ ಪರೀಕ್ಷೆ 1871ರ ಜೂನ್‌ನಲ್ಲಿ, ಕೊರಿಯಾದ ಗಂಗ್ವಾ ಜಲಸಂಧಿಯಲ್ಲಿ. ಕೊರಿಯಾವನ್ನು ವ್ಯಾಪಾರ ಒಪ್ಪಂದಕ್ಕೆ ಒಪ್ಪಿಸಲು ಅಮೆರಿಕ ಅಲ್ಲಿಗೆ ನೌಕಾದಳ ಕಳಿಸಿತ್ತು, ಅದು ಜಗಳಕ್ಕೆ ತಿರುಗಿತು. ಅಲ್ಲಿ ನೀರಿನ ಸೆಳೆತ ಜೋರು, ದಾರಿ ಕಿರಿದು, ಅಡಿಯಲ್ಲಿ ಬಂಡೆಗಳು. ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕಿ ನಿಂತವು. ‘ಮೊನೊಕಸಿ’ ಅನ್ನೋ ಇನ್ನೊಂದು ಅಮೆರಿಕನ್ ಗನ್‌ಬೋಟ್ ಮತ್ತು ಪಾಲೋಸ್ ಒಳಗೆ ನುಗ್ಗಿದವು. ಮೊನೊಕಸಿ ದಡದಲ್ಲಿದ್ದ ಕೊರಿಯಾದ ಕೋಟೆಗಳ ಮೇಲೆ ಗುಂಡು ಹಾರಿಸಿತು. ಪಾಲೋಸ್ ಮಾತ್ರ ಸೈನಿಕರು ತುಂಬಿದ ದೋಣಿಗಳ ಸಾಲನ್ನೇ ಹಗ್ಗ ಕಟ್ಟಿ ಎಳೆದುಕೊಂಡು ಹೋಯಿತು. ಗನ್‌ಬೋಟ್ ಅನ್ನೋ ಹೆಸರು ಬಂದರೂ ಹಳೇ ಕಸುಬು ಬಿಡಲಿಲ್ಲ ನೋಡಿ. ದಡಕ್ಕಿಳಿದದ್ದು ಸುಮಾರು 650 ಜನ. ಕೋಟೆಗಳೇನೋ ಬಿದ್ದವು, ಆದರೆ ಕೊರಿಯಾ ಒಪ್ಪಂದಕ್ಕೆ ಬರಲಿಲ್ಲ.

ಆಮೇಲಿನ 20 ವರ್ಷ ಚೀನಾ, ಜಪಾನ್ ಕಡೆಯೇ ಓಡಾಟ, ಜಾಸ್ತಿ ಗಸ್ತು ಕೆಲಸ. ಕೊನೆಗೆ 1893ರಲ್ಲಿ ನಾಗಸಾಕಿಯಲ್ಲಿ ಮಾರಿಬಿಟ್ಟರು.