ರಾಕೆಟ್ ಎಂಜಿನಿಯರ್ ಫ್ರ್ಯಾಂಕ್ ಮಲೀನಾ ಬೆಳಕಿನ ಕಲಾವಿದರಾದದ್ದು ಹೇಗೆ?

ಮಲೀನಾ ರಾಕೆಟ್ ಬಿಟ್ಟು ಕಲೆಗೆ ಬಂದದ್ದು ಮನಸ್ಸು ಬದಲಾಗಿಯೋ ಅಥವಾ ಸರಕಾರದ ಕಿರುಕುಳದಿಂದಲೋ ಎಂದು ಕೇಳಿದ್ದೀರಿ. ಎರಡೂ ಹೌದು. ಆದರೆ ಅವರು ಎಂಜಿನಿಯರಿಂಗ್ ಬಿಟ್ಟರು ಎನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಎಷ್ಟೋ ವರ್ಷಗಳಿಂದ ಅವರ ಕೃತಿಗಳನ್ನು ಇಷ್ಟಪಟ್ಟು ಓದುತ್ತ, ನೋಡುತ್ತ ಬಂದಿದ್ದೇನೆ. ಆ ಚಿತ್ರಗಳ ಬೆನ್ನಿಗೇ ಎಂಜಿನಿಯರಿಂಗ್ ಇದೆ.

ಅವರು ಹುಟ್ಟಿದ್ದು 1912ರಲ್ಲಿ, ಟೆಕ್ಸಾಸಿನ ಬ್ರೆನ್‌ಹ್ಯಾಮ್‌ನಲ್ಲಿ. ತಂದೆ ಇಂದಿನ ಚೆಕ್ ದೇಶದ ಮೊರೇವಿಯಾ ಕಡೆಯವರು. ಕ್ಯಾಲಿಫೋರ್ನಿಯಾದ ತಾಂತ್ರಿಕ ವಿಶ್ವವಿದ್ಯಾಲಯವಾದ ಕ್ಯಾಲ್‌ಟೆಕ್‌ನಲ್ಲಿ ವಿಮಾನ ವಿಜ್ಞಾನಿ ಥಿಯೋಡರ್ ಫಾನ್ ಕಾರ್ಮನ್ ಅವರ ಕೈಕೆಳಗೆ ಓದುತ್ತಿದ್ದಾಗ ಜ್ಯಾಕ್ ಪಾರ್ಸನ್ಸ್ ಮತ್ತು ಎಡ್ ಫೋರ್ಮನ್ ಜೊತೆ ಸೇರಿ ರಾಕೆಟ್ ಪ್ರಯೋಗ ಶುರುಮಾಡಿದರು. 1936ರ ಅಕ್ಟೋಬರ್ 31ರಂದು ಪ್ಯಾಸಡೀನಾ ಹತ್ತಿರದ ಒಣ ಹೊಳೆಪಾತ್ರದಲ್ಲಿ ಮೊದಲ ಮೋಟಾರ್ ಉರಿಸಿದರು. ಸಹಪಾಠಿಗಳು ಈ ಗುಂಪನ್ನು 'ಸೂಯಿಸೈಡ್ ಸ್ಕ್ವಾಡ್' (ಆತ್ಮಹತ್ಯಾ ದಳ) ಎಂದೇ ಕರೆಯುತ್ತಿದ್ದರು. ಇದೇ ಗುಂಪಿನ ಕೆಲಸ ಮುಂದೆ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಎಂಬ ಹೆಸರಾಂತ ರಾಕೆಟ್ ಸಂಶೋಧನಾಲಯ ಆಯಿತು. ಮಲೀನಾ ಅದರ ನಿರ್ದೇಶಕರೂ ಆಗಿದ್ದರು. ಅವರ ತಂಡದ ವ್ಯಾಕ್ ಕಾರ್ಪೊರಲ್ ರಾಕೆಟ್ 1945ರಲ್ಲಿ ಸುಮಾರು 70 ಕಿಲೋಮೀಟರ್ ಎತ್ತರಕ್ಕೆ ಹೋಯಿತು.

ಮೇಲಿನ ವಾತಾವರಣವನ್ನು ಅಳೆಯಲು ಬೇಕಾದ ರಾಕೆಟ್ ಅವರ ಆಸೆಯಾಗಿತ್ತು. ಸೇನೆಗೆ ಬೇಕಾದದ್ದು ಕ್ಷಿಪಣಿ. ಆ ದಾರಿ ಅವರಿಗೆ ಹಿಡಿಸಲಿಲ್ಲ. 1947ರಲ್ಲಿ ಪ್ಯಾರಿಸ್ಸಿಗೆ ಹೋಗಿ ಯುನೆಸ್ಕೋ ಸೇರಿದರು. ಕಿರುಕುಳ ಅಲ್ಲಿಗೂ ಬೆನ್ನಟ್ಟಿ ಬಂತು. ಹಳೆಯ ಭದ್ರತಾ ಪ್ರಶ್ನಾವಳಿಯೊಂದರಲ್ಲಿ ಕಮ್ಯುನಿಸ್ಟ್ ಪಕ್ಷದ ಸದಸ್ಯತ್ವ ಮುಚ್ಚಿಟ್ಟರೆಂದು 1952ರಲ್ಲಿ ಅಮೆರಿಕದಲ್ಲಿ ಅವರ ಮೇಲೆ ಆರೋಪ ಹೊರಿಸಲಾಯಿತು. ಮರುವರ್ಷ ಯುನೆಸ್ಕೋ ಬಿಟ್ಟರು. ಹಿಂದೆ ಗೆಳೆಯರೊಂದಿಗೆ ಕಟ್ಟಿದ್ದ ಏರೋಜೆಟ್ ಎಂಬ ರಾಕೆಟ್ ಕಂಪನಿಯ ಷೇರುಗಳು ಚೆನ್ನಾಗಿ ಬೆಳೆದಿದ್ದವು. ರಾಕೆಟ್ಟಿನ ದುಡ್ಡೇ ಅವರಿಗೆ ಪೂರ್ಣಾವಧಿ ಕಲಾವಿದನಾಗುವ ಬಿಡುವು ಕೊಟ್ಟಿತು.

ಮೊದಲು ದಾರ, ತಂತಿ, ತಂತಿಜಾಲರಿ ಬಳಸಿ ಕೃತಿ ಮಾಡಿದರು. ಎರಡು ಜಾಲರಿಗಳನ್ನು ಒಂದರ ಮೇಲೊಂದು ಇಟ್ಟರೆ, ನೋಡುವವರು ಅತ್ತಿತ್ತ ಸರಿದಾಗ ಅಲೆಗಳು ಎದ್ದಂತೆ ಕಾಣುತ್ತದಲ್ಲ, ಆ ಮುವಾರೆ ಪರಿಣಾಮ ಅವರನ್ನು ಹಿಡಿದಿತ್ತು. ಆಮೇಲೆ ಹಿಂದುಗಡೆ ಬಲ್ಬು ಇಟ್ಟರು. 1956ರ ಹೊತ್ತಿಗೆ 'ಲೂಮಿಡೈನ್' ಎಂಬ ತಮ್ಮದೇ ವ್ಯವಸ್ಥೆ ಕಂಡುಕೊಂಡರು.

ಅದರ ರಚನೆ ಸರಳ. ಪೆಟ್ಟಿಗೆಯ ಹಿಂಬದಿಯಲ್ಲಿ ದೀಪಗಳು. ಅವುಗಳ ಮುಂದೆ ಬಣ್ಣ ಬಳಿದ ಪಾರದರ್ಶಕ ತಟ್ಟೆ. ಸಣ್ಣ ಮೋಟಾರು ಅದನ್ನು ನಿಧಾನವಾಗಿ ತಿರುಗಿಸುತ್ತದೆ. ಇದು ರೋಟರ್. ಅದರ ಮುಂದೆ ಅಲುಗಾಡದ, ಇನ್ನೊಂದು ಚಿತ್ರವಿರುವ ಫಲಕ, ಸ್ಟೇಟರ್. ಎಲ್ಲಕ್ಕಿಂತ ಮುಂದೆ ಬೆಳಕನ್ನು ಹರಡುವ ಪರದೆ. ನಮ್ಮ ತೊಗಲುಗೊಂಬೆಯಾಟ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ಹಿಂದೆ ದೀಪ, ನಡುವೆ ಬಣ್ಣ ತೊಟ್ಟ ತೆಳು ತೊಗಲು, ಮುಂದೆ ಬಿಳಿ ಬಟ್ಟೆ. ಮಲೀನಾ ಅವರಲ್ಲಿ ಗೊಂಬೆಯಾಡಿಸುವ ಕೈ ಇಲ್ಲ, ಕಥೆಯೂ ಇಲ್ಲ. ಎರಡು ಚಿತ್ರಗಳು ಒಂದರ ಮೇಲೊಂದು ಹಾಯುವಾಗ ಹುಟ್ಟುವ ಮೂರನೆಯ ಚಿತ್ರವಷ್ಟೇ ಇದೆ. ಒಂದು ಬಣ್ಣ ಮತ್ತೊಂದರೊಳಗೆ ಕರಗುತ್ತದೆ, ಆಕಾರ ಉಬ್ಬುತ್ತದೆ, ಮರೆಯಾಗುತ್ತದೆ. ಕುಂಚ ಹಿಡಿದೇ ಮಾಡಿದ ಚಿತ್ರಗಳಿವು. ಕಾಲವೂ ಅವುಗಳಲ್ಲೊಂದು ಬಣ್ಣ.

ಬೆಳಕಿನ ಕಲೆಯಲ್ಲಿ ಮೊದಲಿಗರು ಇವರೇ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಥಾಮಸ್ ವಿಲ್‌ಫ್ರೆಡ್ 1922ರಲ್ಲೇ ನ್ಯೂಯಾರ್ಕಿನಲ್ಲಿ ತಮ್ಮ ಕ್ಲಾವಿಲಕ್ಸ್ ಯಂತ್ರದಿಂದ ಬೆಳಕಿನ ಕಛೇರಿ ನಡೆಸಿದ್ದರು. ಹಂಗೇರಿಯ ಕಲಾವಿದ ಮೊಹೊಲಿ-ನಾಡ್ಯ್ ಅವರ ತಿರುಗುವ ಬೆಳಕಿನ ಶಿಲ್ಪ 1930ರದು. ಮಲೀನಾ ಅವರ ಹೆಚ್ಚುಗಾರಿಕೆ ನನಗೆ ಕಾಣುವುದು ಅವರ ನಿಧಾನದಲ್ಲಿ. ಅಷ್ಟು ವೇಗದ ಯಂತ್ರಗಳನ್ನು ಕಟ್ಟಿದ ಮನುಷ್ಯ, ಚಲನೆಯನ್ನು ಕಣ್ಣಿಗೆ ಹಿತವಾಗುವಷ್ಟು ತಗ್ಗಿಸಿದರು. ಹಾಗಾಗಿ ಫೋಟೋ ನೋಡಿ ಅಳೆಯಬೇಡಿ, ಚಲಿಸುವ ದೃಶ್ಯವನ್ನೇ ಹುಡುಕಿ. ಅದನ್ನೂ ಮುಂದಕ್ಕೆ ಓಡಿಸದೆ ನೋಡಿ. ಆಕ್ಸ್‌ಫರ್ಡ್‌ನಲ್ಲಿ ಪರ್ಗಮನ್ ಪ್ರೆಸ್ ಎಂಬ ಪ್ರಕಾಶನ ಸಂಸ್ಥೆಗಾಗಿ 1965ರಲ್ಲಿ ಮಾಡಿದ 'ಕಾಸ್ಮಾಸ್' ಎಂಬ ಭಿತ್ತಿಕೃತಿಯಿಂದ ಶುರುಮಾಡಬಹುದು.

ಇನ್ನೊಂದು ಕೆಲಸಕ್ಕಾಗಿ ಅವರ ಮೇಲೆ ನನಗೆ ವಿಶೇಷ ಗೌರವ. 1968ರಲ್ಲಿ 'ಲಿಯೊನಾರ್ಡೊ' ಎಂಬ ಪತ್ರಿಕೆ ಆರಂಭಿಸಿದರು. ವಿಜ್ಞಾನಿಗಳು ತಮ್ಮ ಪ್ರಯೋಗವನ್ನು ಬರೆದು ಹಂಚಿಕೊಳ್ಳುವಂತೆ ಕಲಾವಿದರೂ ತಮ್ಮ ಕೆಲಸವನ್ನು ತಾವೇ ಬರೆಯಲಿ ಎಂಬುದು ಅದರ ಉದ್ದೇಶ. ಮೊದಲ ಸಂಚಿಕೆಯಲ್ಲೇ ಲೂಮಿಡೈನ್ ವ್ಯವಸ್ಥೆಯ ಬಗ್ಗೆ ತಮ್ಮ ಲೇಖನ ಪ್ರಕಟಿಸಿದರು. 1981ರಲ್ಲಿ ಅವರು ತೀರಿಕೊಂಡ ಮೇಲೆ, ಖಗೋಳ ವಿಜ್ಞಾನಿಯಾದ ಮಗ ರೋಜರ್ ಮಲೀನಾ ಆ ಪತ್ರಿಕೆಯನ್ನು ಮುಂದುವರಿಸಿದರು. ನೀವೇ ಒಂದು ಬೆಳಕಿನ ಪೆಟ್ಟಿಗೆ ಕಟ್ಟಬೇಕೆಂದಿದ್ದರೆ ಮೊದಲು ಆ ಲೇಖನ ಓದಿ.